ಸುಟ್ಟ ಕೈ ಮತ್ತು ಚೈನಾಗ್ರಾಸಿನ ಪಟ್ಟಿ

೧೯೫೬ರಲ್ಲಿ ನಾನು ಶಾಲೆ ಬಿಟ್ಟೆ. ಐದನೆಯ ಇಯತ್ತೆ ಅರ್ಧಕ್ಕೆ ಬಂದಿತ್ತು. ಆ ವರ್ಷ ನಮ್ಮ ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, ನಾನು ಪಾಟಿ ಬಿಟ್ಟು ಗಾಣಕ್ಕೆ ಸೇರಿದೆ. ಯಾರೂ ಬಿಡಿಸಲಿಲ್ಲ. ಅಪ್ಪನ ಕಣ್ಣು ಮಂಜಾಗಿದ್ದವು, ಬೆಲ್ಲದ ಕಡಾಯಿಯ ಮುಂದೆ ನಿಲ್ಲಲು ಮನೆಯಲ್ಲಿ ಇನ್ನೊಬ್ಬ ಗಂಡಸು ಇರಲಿಲ್ಲ, ನಾನೇ ಹೋಗಿ ನಿಂತೆ. ಓದಿದ್ದರೆ ಏನಾಗುತ್ತಿದ್ದೆ ಎಂದು ಕೂತು ಮರುಗಿದವನಲ್ಲ. ಬಸವಕಲ್ಯಾಣದ ಸುತ್ತಮುತ್ತ ಪಾಕ ನೋಡುವುದಕ್ಕೆ ಕಾಶಪ್ಪನ ಕೈಯೇ ಬೇಕು ಎನ್ನುವ ಹೆಸರು ನನಗೆ ಮೂವತ್ತು ತುಂಬುವುದರೊಳಗೆ ಬಂದಿತ್ತು. ಆ ಹೆಸರಿನ ಮೇಲೆ ನನಗೆ ಬಹಳ ಅಭಿಮಾನ. ಅಭಿಮಾನ ಎನ್ನಿ, ಸೊಕ್ಕು ಎನ್ನಿ, ನಾನು ಬೇಡ ಎನ್ನುವುದಿಲ್ಲ.

ಸುಟ್ಟುಕೊಂಡವರು, ಸುಟ್ಟುಕೊಂಡವರ ಮನೆಯವರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೈ ತಿರುಗಿಸಿ ನೋಡುತ್ತಾರೆ, ಎಷ್ಟು ದಿನ ಹಿಡಿಯಿತು, ಉರಿ ಯಾವಾಗ ನಿಂತಿತು ಎಂದು ಕೇಳುತ್ತಾರೆ. ಬಾಯಿಂದ ಹೇಳುವಾಗ ಒಂದು ಸಂಗತಿಯನ್ನು ಪ್ರತಿ ಸಲವೂ ದಾಟಿಸಿಬಿಡುತ್ತಿದ್ದೆ. ಬರೆಯಲು ಕೂತರೆ ದಾಟಿಸಲಾಗದು ಎಂದು ಬರೆಯುತ್ತಿದ್ದೇನೆ. ಕಾಗುಣಿತ ತಿದ್ದಿದ್ದು ನನ್ನ ದೊಡ್ಡ ಮಗಳು.

ಪಾಕ ನೋಡುವುದು ಎಂದರೇನು ಎಂಬುದನ್ನು ಮೊದಲು ಹೇಳಬೇಕು. ಕಬ್ಬಿನ ಹಾಲು ಕಡಾಯಿಯಲ್ಲಿ ತಾಸುಗಟ್ಟಲೆ ಕುದಿದ ಮೇಲೆ ಒಂದು ಗಳಿಗೆ ಬರುತ್ತದೆ. ಅದಕ್ಕೆ ಮುಂಚೆ ಇಳಿಸಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ತಡವಾದರೆ ಕರಿದಾಗಿ ಕಹಿಯಾಗುತ್ತದೆ. ಆ ಗಳಿಗೆಯನ್ನು ಗಡಿಯಾರ ಹೇಳುವುದಿಲ್ಲ, ಬೆರಳು ಹೇಳಬೇಕು. ಬಲಗೈಯನ್ನು ತಣ್ಣೀರಿನಲ್ಲಿ ಅದ್ದಿ, ಸೌಟಿನ ತುದಿಯಿಂದ ಪಾಕವನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಎಳೆದುಕೊಂಡು, ನೀರಿನಲ್ಲಿಯೇ ಉಂಡೆ ಮಾಡಿ, ಕಡಾಯಿಯ ಅಂಚಿಗೆ ಬಡಿದರೆ ಕಲ್ಲು ಬಡಿದ ಸಪ್ಪಳ ಬರಬೇಕು. ಆ ಮೂರು ಬೆರಳಿನ ಮೇಲೆ ನಮ್ಮ ಮನೆ ನಿಂತಿತ್ತು. ಇನ್ನೊಂದು ಮಾತು. ಕುದಿಯುವ ಹಾಲಿನ ಕೊಳೆ ಮೇಲೆ ಬರಲು ಬೆಂಡೆಯ ದಂಟನ್ನು ಜಜ್ಜಿ ತೊಟ್ಟಿಯ ನೀರಿನಲ್ಲಿ ನೆನೆಹಾಕಿ, ಆ ಲೋಳೆಯನ್ನು ಕಡಾಯಿಗೆ ಬಿಡುತ್ತೇವೆ. ಕೊಳೆಯನ್ನೆಲ್ಲ ಲೋಳೆ ಹಿಡಿದುಕೊಂಡು ಮೇಲೆ ತರುತ್ತದೆ, ಜರಡಿಯಿಂದ ಎತ್ತಿ ಹಾಕುತ್ತೇವೆ. ಗಾಣದವರಿಗೆ ಲೋಳೆ ಎಂದರೆ ಕೊಳೆ ತೆಗೆಯುವ ವಸ್ತು. ಇದನ್ನು ನೆನಪಿನಲ್ಲಿಡಿ.

೧೯೮೨ರ ಶಿವರಾತ್ರಿಗೆ ಒಂದು ವಾರ ಇತ್ತು. ಪಾಕ ಬಂದಿತ್ತು, ಕಡಾಯಿಯನ್ನು ಒಲೆಯಿಂದ ಇಳಿಸುತ್ತಿದ್ದೆವು. ಆ ಕಡೆ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಮಾಣಿಕಪ್ಪ, ಈ ಕಡೆ ನಾನು, ನಡುವೆ ಬೊಂಬು. ನನ್ನ ಕಡೆ ಕಡಾಯಿಯ ಹಿಡಿಬಳೆಗೆ ಕಟ್ಟಿದ ಹಗ್ಗ ಜಾರಿತು. ಕಡಾಯಿ ವಾಲಿದಾಗ ಬಿಟ್ಟು ಹಿಂದೆ ಸರಿಯಬೇಕಿತ್ತು, ಯಾವ ಮೂರ್ಖನಿಗೂ ಗೊತ್ತಾಗುವ ಮಾತು. ನಾನು ಪಾಕ ಚೆಲ್ಲಬಾರದು ಎಂದು ಬಲಗೈ ಕೊಟ್ಟೆ. ಕೈಯ ಮೇಲೆ ಹರಿದ ಪಾಕ ನೀರಿನಂತೆ ಹರಿದು ಹೋಗುವುದಿಲ್ಲ, ಅಲ್ಲಿಯೇ ಕೂರುತ್ತದೆ. ಮಾಣಿಕಪ್ಪ ನನ್ನ ಕೈಯನ್ನು ತಣ್ಣೀರಿನ ಬಕೀಟಿನಲ್ಲಿ ಮುಳುಗಿಸಿದ. ಬೆಲ್ಲ ಮಣಿಕಟ್ಟಿನವರೆಗೆ ಗಾಜಿನ ಹಾಗೆ ಬಿಗಿದುಕೊಂಡಿತು. ಒಳಗೆ ಇನ್ನೂ ಬೇಯುತ್ತಿತ್ತು. ಆ ಕ್ಷಣದಲ್ಲಿ ನಾನು ಕೂಗಲಿಲ್ಲವಂತೆ. ಕಡಾಯಿಯಲ್ಲಿ ಎಷ್ಟು ಉಳಿದಿದೆ ನೋಡು ಎಂದೆನಂತೆ. ಮಾಣಿಕಪ್ಪ ಇದನ್ನು ಇಂದಿಗೂ ಊರಿಗೆಲ್ಲ ಹೇಳಿ ನಗುತ್ತಾನೆ.

ಬಸವಕಲ್ಯಾಣದಲ್ಲಿ ತೋರಿಸಿದಾಗ, ಬೆರಳು ಉಳಿಯಬೇಕಾದರೆ ಹುಮನಾಬಾದಿಗೆ ಹೋಗಿರಿ, ಅಲ್ಲಿ ಸುಟ್ಟ ಗಾಯ ನೋಡುವುದನ್ನು ದೊಡ್ಡ ಊರಲ್ಲಿ ಕಲಿತುಬಂದ ಡಾಕ್ಟರು ಇದ್ದಾರೆ ಎಂದರು. ಬಸ್ಸಿನಲ್ಲಿ ಹೆಂಡತಿ ಸುಗಲಾಬಾಯಿ ನನ್ನ ಕೈಯನ್ನು ತನ್ನ ಮಡಿಲಲ್ಲಿ ಒದ್ದೆ ಧೋತರದೊಳಗೆ ಇಟ್ಟುಕೊಂಡಿದ್ದಳು. ಬಸ್ಸು ಕುಲುಕಿದಾಗಲೆಲ್ಲ ತಾನೇ ಮೊದಲು ಕಣ್ಣು ಮುಚ್ಚುತ್ತಿದ್ದಳು.

ಆ ದವಾಖಾನೆ ಹಳೆಯ ಮನೆಯೊಂದರಲ್ಲಿತ್ತು. ಎಂಟು ಮಂಚ, ಒಂದು ಪಡಸಾಲೆ, ಪಡಸಾಲೆಯಲ್ಲಿ ಎರಡು ಬೆಂಚು. ಬೆಂಚಿನ ಮೇಲಿದ್ದವರು ನನ್ನ ಕೈ ನೋಡಿ ಸರಿದು ಜಾಗ ಕೊಟ್ಟರು. ಒಬ್ಬ ಹೆಣ್ಣುಮಗಳು ಸೆರಗನ್ನು ಬಾಯಿಗೆ ಇಟ್ಟುಕೊಂಡು ಗೋಡೆ ಕಡೆ ತಿರುಗಿದಳು. ಆಗ ನನಗೆ ಮೊದಲ ಸಲ ಹೆದರಿಕೆ ಬಂತು. ನೋವಿನಲ್ಲಿ ಬಾರದ ಹೆದರಿಕೆ ಅವಳು ತಿರುಗಿದ್ದು ನೋಡಿ ಬಂತು. ಒಳಗಿನಿಂದ ಡಾಕ್ಟರು ಹೊರಗೆ ಬಂದರೆ ಮೂವತ್ತೆರಡು ಮೂವತ್ಮೂರರ ಹೆಂಗಸು. ಗಂಡಸು ಡಾಕ್ಟರು ಯಾರೂ ಇಲ್ಲವೇನು ಎಂದು ಕೇಳಿಬಿಟ್ಟೆ. ಪಕ್ಕದಲ್ಲಿದ್ದ ಕಂಪೌಂಡರ್ ಖಾಜಾಸಾಬ ಗಡ್ಡ ಸವರಿಕೊಂಡ.

"ಇಲ್ಲಿ ಗಂಡಸ ಅಂದ್ರ ನಾ ಒಬ್ಬನೇ ಇದ್ದೀನಿ, ಅಣ್ಣಾ. ನಂಗ ಸೂಜಿ ಚುಚ್ಚಾಕ ಬರ್ತದ, ಅಷ್ಟೇ. ನಡೀತದೇನು?"

ನಾನು ಒಳಗೆ ಹೋದೆ. ಎಲ್ಲರೂ ಆಕೆಯನ್ನು ಡಾಕ್ಟರಬಾಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಅನ್ನುತ್ತೇನೆ. ಮೈಸೂರು ಕಡೆಯವರು, ಮಾತು ಮೆತ್ತಗೆ, ಕೆಲಸ ಮೆತ್ತಗಲ್ಲ. ಆ ದಿನ ಬೆಲ್ಲವನ್ನು ಕರಗಿಸಿ ಕರಗಿಸಿ ತೆಗೆದರು. ಬೆಲ್ಲದ ಸಂಗಡ ಬಂದದ್ದನ್ನು ನಾನು ನೋಡಲಿಲ್ಲ. ನನ್ನ ಮೂರು ಬೆರಳು ಮತ್ತೆ ಮಡಚುತ್ತವೆಯೇ ಎಂದು ಕೇಳಿದ್ದಕ್ಕೆ, ಈಗ ಹೇಳುವುದಕ್ಕೆ ಬರುವುದಿಲ್ಲ ಎಂದರು. ಸುಳ್ಳು ಧೈರ್ಯ ಹೇಳಲಿಲ್ಲ. ಅದಕ್ಕೆ ಅಂದು ಸಿಟ್ಟು ಬಂದಿತ್ತು.

ನಂತರದ ದಿನಗಳು ಪಟ್ಟಿ ಬದಲಿಸುವ ದಿನಗಳು. ಬಿಳಿ ಮುಲಾಮು ಹಚ್ಚಿ ಜಾಳಿ ಬಟ್ಟೆ ಸುತ್ತುತ್ತಿದ್ದರು, ಬೆರಳು ಒಂದಕ್ಕೊಂದು ಅಂಟಿ ಬೆಳೆಯದ ಹಾಗೆ ನಡುನಡುವೆ ಬಟ್ಟೆ ಇಡುತ್ತಿದ್ದರು. ಮರುದಿನ ಬಿಚ್ಚುವಾಗ ಬಟ್ಟೆ ಗಾಯಕ್ಕೆ ಅಂಟಿರುತ್ತಿತ್ತು. ನೀರು ಹಾಕಿ ನೆನೆಸಿದರೂ, ಎಷ್ಟೇ ಸಾವಕಾಶ ಎಳೆದರೂ, ಹಿಂದಿನ ದಿನ ಬಂದ ಎಳೆ ಚರ್ಮ ಬಟ್ಟೆಯ ಸಂಗಡ ಹೋಗುತ್ತಿತ್ತು. ಕಡಾಯಿಯ ತಳ ಕೆರೆದ ಹಾಗೆ ನನ್ನನ್ನು ದಿನಾ ಕೆರೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಖಾಜಾಸಾಬನ ಟ್ರೇಯ ಸಪ್ಪಳ ಕೇಳಿದರೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದೆ. ಕಡಾಯಿಯ ಮುಂದೆ ಇಪ್ಪತ್ತೈದು ವರ್ಷ ನಿಂತವನು ಒಂದು ಸ್ಟೀಲಿನ ಟ್ರೇಗೆ ಹೆದರಿದೆ.

ಆ ದಿನಗಳ ಒಂದು ಸಮಾಧಾನ ಹೇಳುತ್ತೇನೆ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ವಿಭೂತಿ ಹಚ್ಚಲು, ಪತ್ರಿ ಏರಿಸಲು ನನಗೆ ಕೈ ಇರಲಿಲ್ಲ. ಎರಡು ದಿನ ಪೂಜೆ ಇಲ್ಲದೆ ಉಣ್ಣಲಿಲ್ಲ. ಮೂರನೆಯ ದಿನ ಸುಗಲಾಬಾಯಿ ಮಾತಾಡದೆ ಬಂದು ಮಂಚದ ಮುಂದೆ ಕೂತು, ನನ್ನ ಬಲಗೈ ಮಾಡುವ ಕೆಲಸವನ್ನು ತನ್ನ ಬಲಗೈಯಿಂದ ಮಾಡಿದಳು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅಷ್ಟು ಹತ್ತಿರ ಅವಳ ಕೈಯನ್ನು ನಾನು ನೋಡಿರಲಿಲ್ಲ. ಅದರ ಮೇಲೆ ಒಲೆಯ ಸುಟ್ಟ ಕಲೆಗಳು ಎಷ್ಟೋ ಇದ್ದವು.

ಹೆಣ್ಣುಮಕ್ಕಳ ಕೋಣೆಯಲ್ಲಿ ಕಮಲಾಬಾಯಿ ಎಂಬ ಐವತ್ತು ದಾಟಿದ ಹೆಂಗಸು ಇದ್ದಳು. ಮನ್ನಾಏಖೇಳ್ಳಿಯ ಬಸ್‌ಸ್ಟಾಪಿನಲ್ಲಿ ಭಜಿ ಕರಿಯುವವಳು. ಎಣ್ಣೆಯ ಕಡಾಯಿ ಮಗುಚಿ ಎರಡೂ ಕಾಲು ಸುಟ್ಟಿದ್ದವು. ಪಟ್ಟಿ ಬದಲಿಸುವಾಗ ಅವಳು ಕೂಗುವುದು ರಸ್ತೆಗೆ ಕೇಳುತ್ತಿತ್ತು, ಬದಲಿಸಿದ ಅರ್ಧ ತಾಸಿಗೆ ಅವಳ ನಗೆಯೂ ಕೇಳುತ್ತಿತ್ತು. ನನ್ನನ್ನು ಮೊದಲು ಕಂಡಾಗ ಏನು ಬಿತ್ತು ಎಂದು ಕೇಳಿದಳು. ಬೆಲ್ಲದ ಪಾಕ ಎಂದೆ.

"ನಂದು ಎಣ್ಣಿ, ನಿಂದು ಬೆಲ್ಲ. ಹಿಟ್ಟು ಬಿದ್ದಾಕಿ ಒಬ್ಬಾಕಿ ಬಂದ್ರ ಹೋಳಿಗಿ ಆಗ್ತದ ನೋಡಪ್ಪಾ," ಎಂದಳು.

ಹತ್ತನೆಯ ದಿನವೋ ಏನೋ ಡಾಕ್ಟರಬಾಯಿ ಒಂದು ತಾಟು ಹಿಡಿದುಕೊಂಡು ಬಂದರು. ಅದರಲ್ಲಿ ಬೆಳ್ಳಗೆ, ಮಂಜಾಗಿ, ಎಳನೀರಿನ ಗಂಜಿಯ ಹಾಗೆ ನಡುಗುವ ಒಂದು ಹಾಳೆ ಇತ್ತು. ಕಲಿಯುವಾಗ ದೊಡ್ಡ ದವಾಖಾನೆಯಲ್ಲಿ ಪರದೇಶದಿಂದ ಬಂದ ಇಂಥ ಹಾಳೆಯನ್ನು ಒಮ್ಮೆ ನೋಡಿದ್ದರಂತೆ. ಗಾಯ ಒಣಗಿಸದೆ ತೇವದಲ್ಲಿಡುತ್ತದೆ, ಅಂಟುವುದಿಲ್ಲ. ಅದು ಇಲ್ಲಿ ಸಿಗುವ ಮಾತೇ ಇಲ್ಲ. ಹಿಂದಿನ ರಂಜಾನಿನಲ್ಲಿ ಖಾಜಾಸಾಬನ ಹೆಂಡತಿ ಚೈನಾಗ್ರಾಸಿನ ಮಿಠಾಯಿ ಕಳಿಸಿದ್ದಳು. ಅದನ್ನು ಬೆರಳಿನಿಂದ ಒತ್ತಿ ನೋಡಿದಾಗ ಆಲೋಚನೆ ಹುಟ್ಟಿತಂತೆ. ಚೈನಾಗ್ರಾಸ್ ಅಂದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ಸಮುದ್ರದ ಹುಲ್ಲಿನ ಎಳೆ. ಕುದಿಸಿ ಆರಿಸಿದರೆ ಹೆಪ್ಪುಗಟ್ಟುತ್ತದೆ. ಆರುವುದರೊಳಗೆ ಅದರಲ್ಲಿ ಬೆಳ್ಳಿಯ ಔಷಧ ಬೆರೆಸಿ, ಉಗಿಯಲ್ಲಿ ಬೇಯಿಸಿದ ತಾಟಿಗೆ ಸುರಿದು ಹಾಳೆ ಮಾಡುತ್ತಿದ್ದರು. ಕೀವಿನ ಹುಳ ಬೆಳೆಯದ ಹಾಗೆ ಬೆಳ್ಳಿ ನೋಡಿಕೊಳ್ಳುತ್ತದೆ, ಚರ್ಮ ಕಿತ್ತು ಬರದ ಹಾಗೆ ಹಾಳೆ ನೋಡಿಕೊಳ್ಳುತ್ತದೆ.

ಇದು ಇನ್ನೂ ಸಾಬೀತಾದ ಇಲಾಜಲ್ಲ, ಪ್ರಯೋಗ. ಬೇಡ ಅಂದರೆ ಬೇಡ, ನಿಮ್ಮ ಆರೈಕೆ ಏನೂ ಕಡಿಮೆಯಾಗುವುದಿಲ್ಲ ಎಂದು ಬಿಡಿಸಿ ಹೇಳಿದರು. ನಾನು ಹೆಂಡತಿಯ ಮುಖ ನೋಡಿದೆ.

"ನೋವು ಕಮ್ಮಿ ಆಗ್ತದಂದ್ರ ಹಚ್ರಿ ಬಾಯಿ," ಎಂದಳು ಸುಗಲಾಬಾಯಿ. "ಅವರು ಹಲ್ಲು ಕಡಿಯೋದು ನಂಗ ಹೊರಗ ಕೇಳ್ತದ."

ನಾನು ಲೆಕ್ಕ ಹಾಕಿದೆ. ಪಾಕ ನೋಡುವ ಮೂರು ಬೆರಳನ್ನು ಪ್ರಯೋಗಕ್ಕೆ ಕೊಡಲಾರೆ. ಕಿರುಬೆರಳು, ಉಂಗುರಬೆರಳು ಕೆಲಸಕ್ಕೆ ಬಾರದವು, ಅವಕ್ಕೆ ಹಚ್ಚಿ ನೋಡಿರಿ ಎಂದೆ. ಡಾಕ್ಟರಬಾಯಿ ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಎರಡು ಬೆರಳಿಗೆ ಹಾಳೆ, ಉಳಿದದ್ದಕ್ಕೆ ಹಳೆಯ ಪಟ್ಟಿ. ಮೂರನೆಯ ದಿನ ಹಾಳೆ ಎತ್ತಿದರು. ನಾನು ಹಲ್ಲು ಕಚ್ಚಿ ಸಿದ್ಧನಾಗಿದ್ದೆ. ಹಾಳೆ ತಾನಾಗಿಯೇ ಜಾರಿ ಬಂತು, ಬಾಳೆಲೆಯ ಮೇಲಿನ ನೀರಿನಂತೆ. ಕಚ್ಚಿದ ಹಲ್ಲನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಅಂದು ನಾನು ಅತ್ತೆ. ಇನ್ನೊಂದು ವಾರಕ್ಕೆ ಆ ಎರಡು ಬೆರಳಿನ ಮೇಲೆ ಗುಲಾಬಿ ಬಣ್ಣದ ಹೊಸ ಚರ್ಮ ಹಬ್ಬುವುದನ್ನು ಕಂಡು, ಉಳಿದ ಮೂರಕ್ಕೂ ಅದನ್ನೇ ಹಚ್ಚಿರಿ ಎಂದು ನಾನೇ ಬೇಡಿಕೊಂಡೆ. ಕಮಲಾಬಾಯಿಯ ಕಾಲಿಗೂ ಹಚ್ಚತೊಡಗಿದರು. ಬೆಳಗಿನ ಒಂಬತ್ತು ಗಂಟೆಗೆ ದವಾಖಾನೆಯಲ್ಲಿ ಕೂಗು ನಿಂತಿತು.

ಆದರೆ ಹಾಳೆ ಪ್ರತಿ ಸಲ ಸರಿಯಾಗಿ ಬರುತ್ತಿರಲಿಲ್ಲ. ಒಂದು ಸಲ ನೀರು ಬಿಡುತ್ತಿತ್ತು, ಒಂದು ಸಲ ಎತ್ತಿದರೆ ಮುರಿಯುತ್ತಿತ್ತು. ಹಿತ್ತಲಿನ ಅಡಿಗೆ ಕೋಣೆಯಲ್ಲಿ ಖಾಜಾಸಾಬ ಕುದಿಸುತ್ತಿದ್ದ; ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ದಿನ ತಡೆಯದೆ, ಇಳಿಸಿದ ಮೇಲೆ ತಿರುವುತ್ತ ಇರಬೇಕು, ಬೆಲ್ಲವನ್ನು ನಾವು ಹಾಗೇ ಗಟ್ಟಿ ಮಾಡುತ್ತೇವೆ ಎಂದೆ. ತಿರುವಿದರು. ತಾಟಿನ ತುಂಬ ಚೂರುಚೂರು. ಕಮಲಾಬಾಯಿ ಅದನ್ನು ನೋಡಿ, ಕಾಶಪ್ಪ ಉಪ್ಪಿಟ್ಟು ಮಾಡ್ಯಾನ ಎಂದು ಎಲ್ಲರಿಗೂ ಸಾರಿದಳು.

ಅವಮಾನವಾಯಿತು. ಮುಂದಿನ ಮೂರು ಸಲ ಬಾಯಿ ಬಿಡದೆ ನೋಡಿದೆ. ಆಗ ತಿಳಿಯಿತು. ಖಾಜಾಸಾಬ ಕುದಿ ಬಂದ ಕೂಡಲೇ ಇಳಿಸುತ್ತಿದ್ದ. ಎಳೆ ಪೂರಾ ಕರಗಿರುತ್ತಿರಲಿಲ್ಲ. ಸೌಟಿನಿಂದ ಬಿಟ್ಟಾಗ ಕೊನೆಯ ಹನಿ ಕಾಳು ಕಾಣದೆ ತಿಳಿಯಾಗಿ ಜೋತುಬೀಳುವವರೆಗೆ ಕುದಿಸಬೇಕು. ಒಂದೇ ಧಾರೆಯಲ್ಲಿ ಸುರಿಯಬೇಕು. ತಾಟು ಮಟ್ಟವಾಗಿರಬೇಕು. ಸುರಿದ ಮೇಲೆ ಬೆಲ್ಲದ ಹಾಗೆ ಅಲ್ಲ, ಮುಟ್ಟಲೇಬಾರದು. ಹೀಗೆ ಮಾಡಿದ ಹಾಳೆ ಎರಡು ಕೈಯಲ್ಲಿ ಹಿಡಿದು ಎತ್ತಿದರೂ ಹರಿಯಲಿಲ್ಲ. ಡಾಕ್ಟರಬಾಯಿ ನನ್ನ ಮಾತನ್ನು ನನ್ನ ಮುಂದೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಐದನೆಯ ಇಯತ್ತೆ ಬಿಟ್ಟವನ ಮಾತನ್ನು ಡಾಕ್ಟರು ಬರೆದುಕೊಂಡರು ಎಂದು ನಾನು ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡೆ. ಕೇಡು ಹುಟ್ಟಿದ್ದು ಅಲ್ಲಿಯೇ.

ಐದು ವಾರಕ್ಕೆ ಮನೆಗೆ ಕಳಿಸಿದರು. ಕಿರುಬೆರಳು, ಉಂಗುರಬೆರಳು ಪೂರಾ ಮಾಗಿದ್ದವು. ಹೆಬ್ಬೆರಳು ಮುಕ್ಕಾಲು. ತೋರುಬೆರಳು, ನಡುಬೆರಳಿನ ಮೇಲೆ ಮಾತ್ರ ಇನ್ನೂ ಹಸಿ ಇತ್ತು, ಅವಕ್ಕೆ ಹಾಳೆ ತಡವಾಗಿ ಬಂದಿತ್ತಲ್ಲ. ಗಾಜಿನ ಭರಣಿಯಲ್ಲಿ ನಾಲ್ಕು ಹಾಳೆ ಕೊಟ್ಟು, ಮೂರು ದಿನಕ್ಕೊಮ್ಮೆ ಬಂದು ತೋರಿಸಲೇಬೇಕು, ಬೇರೆ ಏನನ್ನೂ ಮುಟ್ಟಿಸಬೇಡಿರಿ ಎಂದರು. ಬೆರಳು ಮಡಚುತ್ತವೆ ಎಂದು ಈಗ ಹೇಳಬಹುದೇ ಎಂದು ಕೇಳಿದೆ. ಈಗ ಆಸೆ ಇಟ್ಟುಕೊಳ್ಳಬಹುದು ಎಂದರು.

ಊರಿಗೆ ಬಂದ ಮರುದಿನವೇ ಘಾಟಬೋರಾಳದ ರೈತನೊಬ್ಬನ ಕಬ್ಬು ಕಡಿದು ಗಾಣದ ಮುಂದೆ ಬಿದ್ದಿತ್ತು. ಬಂಡಿಯಿಂದ ಇಳಿದ ಕಬ್ಬು ಕಾಯುವುದಿಲ್ಲ, ದಿನಕ್ಕೆ ದಿನ ಹಾಲು ಒಣಗುತ್ತದೆ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹಾಕದೆ ನನ್ನನ್ನು ನಂಬಿ ತಂದವನಿಗೆ ಇಲ್ಲ ಎನ್ನಲಾಗಲಿಲ್ಲ. ಮಾಣಿಕಪ್ಪ ಮಾಡುತ್ತಿದ್ದ, ನಾನು ಕೂತು ಹೇಳುತ್ತಿದ್ದೆ. ಹುಮನಾಬಾದಿಗೆ ಹೋಗುವ ಮೂರನೆಯ ದಿನ ಹೋಯಿತು, ಆರನೆಯ ದಿನವೂ ಹೋಯಿತು. ಭರಣಿಯಲ್ಲಿ ಹಾಳೆ ಮುಗಿದವು.

ಅಂದು ಮಧ್ಯಾಹ್ನ ಬೆಂಡೆಯ ತೊಟ್ಟಿಯ ಮುಂದೆ ಕೂತಿದ್ದೆ. ದಂಟು ಎತ್ತಿದರೆ ಲೋಳೆ ತಿಳಿಯಾಗಿ ಜೋತುಬೀಳುತ್ತಿತ್ತು, ಒಂದು ಕಾಳಿಲ್ಲ. ಡಾಕ್ಟರಬಾಯಿಯ ಹಾಳೆಯಲ್ಲಿ ಇರುವುದಾದರೂ ಏನು, ಲೋಳೆಯೇ ಅಲ್ಲವೇ ಎನ್ನಿಸಿತು. ನೂರು ಕಡಾಯಿಯ ಕೊಳೆ ಹಿಡಿದು ಎತ್ತುವ ಲೋಳೆ ನನ್ನ ಎರಡು ಬೆರಳಿನ ಕೊಳೆ ಎತ್ತದೇನು? ಆ ಹಾಳೆ ಸರಿಯಾಗುವ ಹಾಗೆ ಮಾಡಿದ್ದೇ ನಾನು. ಹೀಗೆಲ್ಲ ಯೋಚಿಸಿ, ಲೋಳೆ ಹಚ್ಚಿ, ಮೇಲೆ ಮಡಿಬಟ್ಟೆ ಸುತ್ತಿದೆ. ತಂಪು ಎಂದರೆ ತಂಪು. ಸುಗಲಾಬಾಯಿಗೆ ಹೇಳಲಿಲ್ಲ. ನಾಲ್ಕು ದಿನ ಹಚ್ಚಿದೆ.

ಐದನೆಯ ದಿನ ಬೆಳಿಗ್ಗೆ ಪೂಜೆಗೆಂದು ಎದುರು ಕೂತವಳು ವಿಭೂತಿ ಕೆಳಗಿಟ್ಟಳು.

"ವಾಸನಿ ಬರಾಕತ್ತಾದ," ಎಂದಳು. "ಕೈ ಬಿಚ್ರಿ."

ಇಲ್ಲ, ಬೆಲ್ಲದ ವಾಸನೆ ಎಂದೆ. ನನ್ನ ಹಣೆ ಮುಟ್ಟಿ ನೋಡಿದವಳು ಎದ್ದು ಹೋಗಿ ಬಸ್ಸಿಗೆಂದು ಚೀಲ ತುಂಬಿದಳು. ಜ್ವರದಲ್ಲಿ ನನಗೆ ದಾರಿ ನೆನಪಿಲ್ಲ. ಹೊರಡುವ ಮುಂಚೆ ಕೊಡದ ನೀರಿನಲ್ಲಿ ಕೈ ತೊಳೆದು ಲೋಳೆಯ ಗುರುತು ಹೋಗಲಾಡಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಡಾಕ್ಟರಬಾಯಿ ಪಟ್ಟಿ ಬಿಚ್ಚಿದರು. ತೋರುಬೆರಳು ಹಸಿರು ಕೀವಿನಲ್ಲಿ ಊದಿತ್ತು. ಬಹಳ ಹೊತ್ತು ನೋಡಿದರು.

"ಏನಾದ್ರೂ ಹಚ್ಚಿದ್ರಾ?"

"ಇಲ್ರಿ," ಎಂದೆ.

"ನಾನು ಕೊಟ್ಟಿದ್ದು ಬಿಟ್ಟು ಬೇರೆ ಏನೂ ಇಲ್ಲ?"

"ಏನೂ ಇಲ್ರಿ. ನೀವು ಕೊಟ್ಟದ್ದೇ."

ನಾನು ದಾಟಿಸುತ್ತಿದ್ದ ಸಂಗತಿ ಇದೇ. ಅವರ ಮುಖದ ಮುಂದೆಯೇ ನಾನು ಹೇಳಿದ ಸುಳ್ಳು. ಹೇಳಿದ್ದು ಶಿಕ್ಷೆಯ ಹೆದರಿಕೆಗಲ್ಲ. ತಾಟಿನ ಮುಂದೆ ನಿಂತು ಅವರಿಗೇ ಪಾಠ ಹೇಳಿದ ನಾನು ಇಂಥ ಹಳ್ಳಿಗಾಡಿನ ಕೆಲಸ ಮಾಡಿದೆ ಎನ್ನುವುದು ನನ್ನ ಬಾಯಿಂದ ಹೊರಡಲಿಲ್ಲ.

ಸೂಜಿ ಶುರುವಾದವು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಮಲಾಬಾಯಿ ಕೂಗಿದಳು. ಅಷ್ಟು ದಿನದ ಮೇಲೆ ಆ ಕೂಗು ಕೇಳಿ ಖಾಜಾಸಾಬನನ್ನು ಕೇಳಿದೆ. ಅವನು ದನಿ ತಗ್ಗಿಸಿ ಹೇಳಿದ: ನಿನ್ನ ಬೆರಳು ನೋಡಿದ ಮೇಲೆ ಡಾಕ್ಟರಬಾಯಿ ಹಾಳೆಯನ್ನೆಲ್ಲ ಹಿತ್ತಲಲ್ಲಿ ಹೂಳಿಸಿದರು. ಹಾಳೆಯಲ್ಲಿಯೇ ಕೀವಿನ ಬೀಜ ಹೋಗಿದೆ ಅಂತ ಅವರ ಖಾತ್ರಿ. ಯಾರಿಗೂ ಇನ್ನು ಹಚ್ಚಬಾರದು ಅಂದಾರ. ನಿನ್ನೆಯಿಂದ ಅವರ ಊಟ ಬಂದ ಹಾಗೆಯೇ ವಾಪಸು ಹೋಗಾಕತ್ತಾದ.

ಮರುದಿನ ಒಂಬತ್ತಕ್ಕೆ ಮತ್ತೆ ಆ ಕೂಗು. ಅದರ ಮರುದಿನ ಮತ್ತೆ. ನಾನು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಸುಗಲಾಬಾಯಿ ನೀರು ಕೊಡಲು ಬಂದವಳು ಕೊಡದೆ ನಿಂತಳು. ಅವಳಿಗೆ ತಿಳಿದಿತ್ತು. ತೊಟ್ಟಿಯ ಪಕ್ಕ ಬಿದ್ದ ಬಟ್ಟೆಗಳನ್ನು ಅವಳೇ ಅಲ್ಲವೇ ಎತ್ತಿದ್ದು.

"ಆ ಮುದುಕಿ ಕಾಲು ನಿಮ್ಮ ಕೈಗಿಂತ ಅಗ್ಗ ಏನು?" ಎಂದಳು, ಅಷ್ಟೇ.

ನಾನು ಎದ್ದು ಡಾಕ್ಟರಬಾಯಿಯ ಕೋಣೆಗೆ ಹೋದೆ. ಪಡಸಾಲೆಯ ಬೆಂಚಿನಿಂದ ಆ ಬಾಗಿಲಿಗೆ ಹನ್ನೆರಡು ಹೆಜ್ಜೆ. ಎಣಿಸಿಕೊಂಡೇ ಹೋದೆ.

"ಬಾಯಿ, ನಾ ಸುಳ್ಳು ಹೇಳೀನ್ರಿ. ಬೆಂಡಿ ಲೋಳಿ ಹಚ್ಚೀನಿ. ಗಾಣದ ತೊಟ್ಟಿಯಾಗಿಂದು. ನಾಕು ದಿನ."

ಅವರು ಏಳಲಿಲ್ಲ, ಬೈಯಲೂ ಇಲ್ಲ. ಮೇಜಿನ ಮೇಲೆ ಎರಡೂ ಅಂಗೈ ಅಂಗಾತ ಇಟ್ಟುಕೊಂಡು ಅವುಗಳನ್ನೇ ನೋಡಿದರು.

"ನಾಲ್ಕು ದಿನದಿಂದ ನಾನು ನನ್ನ ಕೈ ಸರಿಯಾಗಿ ತೊಳ್ಕೊಂಡಿಲ್ಲ ಅಂದ್ಕೊಂಡಿದ್ದೆ, ಕಾಶಪ್ಪನವ್ರೇ," ಎಂದರು.

ನೋಟ್‌ಬುಕ್ಕು ತೆರೆದು ನನ್ನ ಕಡೆ ತಿರುಗಿಸಿದರು. ಹಾಳೆಯಿಂದ ಕೀವಾಯಿತು ಎಂದು ಬರೆದ ಸಾಲಿನ ಕೆಳಗೆ ಜಾಗವಿತ್ತು. ನೀವೇ ಬರೆಯಿರಿ ಎಂದರು. ಬಲಗೈ ಪಟ್ಟಿಯಲ್ಲಿತ್ತು. ಶಾಲೆ ಬಿಟ್ಟ ಮೇಲೆ ಹೆಸರು ಬಿಟ್ಟು ಬೇರೇನೂ ಬರೆದವನಲ್ಲ, ಎಡಗೈಯಿಂದಂತೂ ಎಂದೂ ಇಲ್ಲ. ಮೂರು ಸಾಲು ಬರೆಯಲು ಅರ್ಧ ತಾಸು ಹಿಡಿಯಿತು. ಬೆಂಡೆ ದಂಟಿನ ಲೋಳೆ, ತೊಟ್ಟಿಯ ನೀರು, ನಾಲ್ಕು ದಿನ, ನಾನೇ ಹಚ್ಚಿಕೊಂಡೆ, ಡಾಕ್ಟರಬಾಯಿ ತಪ್ಪಲ್ಲ. ಅಕ್ಷರ ಒಂದು ಮೇಲೆ ಒಂದು ಕೆಳಗೆ. ಅವರು ತಿದ್ದಲಿಲ್ಲ. ಕೆಳಗೆ ತಾರೀಖು ಹಾಕಿದರು.

ಯಾವ ಕೀವು ಎಂದು ತಿಳಿದ ಮೇಲೆ ಸೂಜಿ ಬದಲಾಯಿತು, ಜ್ವರ ಇಳಿಯಿತು. ತೋರುಬೆರಳು ಉಳಿಯಲಿಲ್ಲ. ಮೊದಲ ದಿನವೇ ಹೇಳಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ ಎಂದರು. ಈ ಸಲ ಆ ಮಾತಿಗೆ ಸಿಟ್ಟು ಬರಲಿಲ್ಲ. ನಡುಬೆರಳಿಗೆ ತೊಡೆಯಿಂದ ಚರ್ಮ ತೆಗೆದು ಹಚ್ಚಿದರು. ಅದು ಉಳಿಯಿತು, ಮಡಚುವುದಿಲ್ಲ. ಚರ್ಮ ತೆಗೆದ ತೊಡೆಯ ಮೇಲೆ ಹಾಕಿದ್ದು ಖಾಜಾಸಾಬ ಹೊಸದಾಗಿ ಕುದಿಸಿದ ಹಾಳೆ.

ಕಮಲಾಬಾಯಿಗೆ ನಾನೇ ಹೋಗಿ ಹೇಳಿದೆ. ಅವಳು ನಗಲಿಲ್ಲ.

"ಮೂರ್ ದಿನ ನಿನ್ನ ಸುಳ್ಳಿನ ಪಟ್ಟಿ ಕಿತ್ತಿಸ್ಕೊಂಡೀನಪ್ಪಾ," ಎಂದಳು. ಆಮೇಲೆ ಹೊದಿಕೆ ಸರಿಮಾಡಿಕೊಂಡು, "ಕಾಲು ಆದ ಮ್ಯಾಲ ಒಂದು ಪೆಂಟಿ ಬೆಲ್ಲ ಕಳಸು. ಛಲೋದು ಕಳಸು, ಇದರಂಗ ಮಾಡಬ್ಯಾಡ," ಎಂದಳು. ಆ ವರ್ಷ ಕಳಿಸಿದೆ. ಪ್ರತಿ ವರ್ಷ ಕಳಿಸುತ್ತೇನೆ. ಅವಳು ನಡೆಯುತ್ತಾಳೆ, ಭಜಿ ಕರಿಯುತ್ತಾಳೆ.

ಡಾಕ್ಟರಬಾಯಿ ಎರಡು ವರ್ಷದ ಮೇಲೆ ಹುಮನಾಬಾದು ಬಿಟ್ಟರು. ಆ ನೋಟ್‌ಬುಕ್ಕನ್ನು ತಮಗೆ ಕಲಿಸಿದ ದೊಡ್ಡ ಡಾಕ್ಟರಿಗೆ ಒಯ್ದು ತೋರಿಸುತ್ತೇನೆ ಎಂದಿದ್ದರು. ಐದಾರು ಮಂದಿಯ ಗಾಯ ನೋಡಿ ಇದು ಒಳ್ಳೆಯದು ಎಂದು ಸಾರಲಾಗದು, ನೂರಾರು ಮಂದಿಯ ಮೇಲೆ ನೋಡಬೇಕು ಎನ್ನುತ್ತಿದ್ದರು. ಮುಂದೆ ಏನಾಯಿತು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟು: ನಾನು ಕೆಲಸಕ್ಕೆ ಬಾರದವು ಎಂದು ಪ್ರಯೋಗಕ್ಕೆ ಬಿಟ್ಟುಕೊಟ್ಟ ಎರಡು ಬೆರಳು ಇಂದು ಸೂಜಿಗೆ ದಾರ ಪೋಣಿಸುವಾಗ ದಾರ ಹಿಡಿಯುತ್ತವೆ.

ಊರಿಗೆ ಬಂದ ಮೇಲೆ ಒಂದು ಹಂಗಾಮು ಗಾಣದ ಕಡೆ ಹೋಗಲಿಲ್ಲ. ಪಾಕ ನೋಡಲು ಬಾರದ ಕಾಶಪ್ಪನನ್ನು ನೋಡಲು ನನಗೇ ಮನಸ್ಸಿರಲಿಲ್ಲ. ಎರಡನೆಯ ಹಂಗಾಮಿಗೆ ಎಡಗೈಯನ್ನು ತಣ್ಣೀರಿನಲ್ಲಿ ಅದ್ದಿದೆ. ಎಡಗೈಗೆ ಏನೂ ತಿಳಿಯುತ್ತಿರಲಿಲ್ಲ, ಮೊದಲನೆಯ ಇಯತ್ತೆಯಿಂದ ಕಲಿಸಬೇಕಾಯಿತು. ಹತ್ತಾರು ಕಡಾಯಿ ಕೆಟ್ಟವು. ಪಕ್ಕದವರು ಎದುರಿಗೆ ಏನೂ ಅನ್ನಲಿಲ್ಲ, ಹಿಂದೆ ಅಂದರು. ಈಗ ಅನ್ನುವುದಿಲ್ಲ.

ನನ್ನ ಹಾಗೆ ಸುಟ್ಟುಕೊಂಡು ಬೆಂಚಿನ ಮೇಲೆ ಕೂತವರಿಗೆ ನಾನು ಹೇಳುವುದು ಒಂದೇ. ನಿಮ್ಮನ್ನು ನೋಡಿ ಯಾರೋ ಸೆರಗು ಬಾಯಿಗೆ ಇಟ್ಟುಕೊಂಡು ತಿರುಗುತ್ತಾರೆ, ತಿರುಗಲಿ. ಡಾಕ್ಟರು ಏನು ಹಚ್ಚಿದಿರಿ ಎಂದು ಕೇಳಿದರೆ ಹಚ್ಚಿದ್ದನ್ನು ಹೇಳಿರಿ. ಸಗಣಿ ಆಗಲಿ, ಶಾಯಿ ಆಗಲಿ, ಬೆಂಡೆಯ ಲೋಳೆ ಆಗಲಿ. ನಾಚಿಕೆ ಅರ್ಧ ತಾಸಿನದು.

ಇವತ್ತಿಗೆ ಬಲಗೈಯಲ್ಲಿ ಬೆರಳು ನಾಲ್ಕು; ಮಡಚುವವು ಮೂರು. ಎಡಗೈಯಲ್ಲಿ ಐದು, ಪಾಕ ತಿಳಿಯುವವು ಮೂರು. ತೊಡೆಯ ಮೇಲೆ ಅಂಗೈಯಗಲದ ಕಲೆ ಒಂದು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಶಾಲೆಯಲ್ಲಿ. ಗಾಣ ಒಂದು, ಕಡಾಯಿ ಒಂದು. ಈ ಹಂಗಾಮಿನಲ್ಲಿ ಇಲ್ಲಿಯವರೆಗೆ ಇಳಿಸಿದ್ದು ಅರವತ್ತೆರಡು ಕಡಾಯಿ. ಅದರಲ್ಲಿ ಕೆಟ್ಟದ್ದು ಮೂರು.